ಟಾಂಗ್ ಟೆಸ್ಟರ್ ತೋರಿಸುವ ಆಂಪಿಯರ್ ಎಷ್ಟು ನಿಜ?

ಕೊಳವೆಬಾವಿಯ ನೀರನ್ನೇ ನಂಬಿ ಬೆಳೆ ಇಟ್ಟ ರೈತನಿಗೆ ಬೇಸಿಗೆಯಲ್ಲಿ ಮೋಟಾರು ಸುಟ್ಟುಹೋಗುವುದು ದೊಡ್ಡ ಪೆಟ್ಟು. ಪಂಪನ್ನು ಮೇಲೆತ್ತಿಸಿ, ವೈಂಡಿಂಗ್ ಮಾಡಿಸಿ, ಮತ್ತೆ ಬಾವಿಗೆ ಇಳಿಸುವ ಹೊತ್ತಿಗೆ ಹಣದ ಜೊತೆಗೆ ಹಲವು ದಿನಗಳ ನೀರೂ ಕೈತಪ್ಪಿ ಹೋಗುತ್ತದೆ. ಕಾಯಿ ಕಚ್ಚುವ ಹಂತದ ಟೊಮ್ಯಾಟೊ ಅಥವಾ ಸೂಲಂಗಿ ಬಿಡುವ ಹಂತದ ಮುಸುಕಿನ ಜೋಳಕ್ಕೆ ಆ ದಿನಗಳಲ್ಲಿ ನೀರು ತಪ್ಪಿದರೆ, ಆಮೇಲೆ ಎಷ್ಟು ನೀರು ಹಾಯಿಸಿದರೂ ಇಳುವರಿಯಲ್ಲಾದ ನಷ್ಟ ತುಂಬಿ ಬರುವುದಿಲ್ಲ.

ಮೋಟಾರು ಎಷ್ಟು ವಿದ್ಯುತ್ ಪ್ರವಾಹವನ್ನು ಎಳೆಯುತ್ತಿದೆ ಎಂಬುದನ್ನು ಆಗಾಗ್ಗೆ ಅಳೆದು ನೋಡುತ್ತಿದ್ದರೆ ಮೋಟಾರು ಸುಡುವ ಅನೇಕ ಪ್ರಸಂಗಗಳನ್ನು ತಪ್ಪಿಸಬಹುದು. ಇದಕ್ಕಾಗಿ ಮೆಕ್ಯಾನಿಕ್‌ಗಳೂ ಲೈನ್‌ಮನ್‌ಗಳೂ ಬಳಸುವ ಉಪಕರಣವೇ ಟಾಂಗ್ ಟೆಸ್ಟರ್. ಇದನ್ನು ಕ್ಲ್ಯಾಂಪ್ ಮೀಟರು ಎಂದೂ ಕರೆಯುತ್ತಾರೆ. ತಂತಿಯನ್ನು ಕತ್ತರಿಸದೆ, ಬಿಚ್ಚದೆ, ಇಕ್ಕಳದಂತಹ ದವಡೆಯಲ್ಲಿ ಸುತ್ತುವರಿದ ಮಾತ್ರಕ್ಕೆ ಅದು ಆಂಪಿಯರ್ ತೋರಿಸುತ್ತದೆ. ಈಗ ಅನೇಕ ರೈತರು ಸ್ವಂತಕ್ಕೂ ಇದನ್ನು ಕೊಂಡಿದ್ದಾರೆ. ಆದರೆ ಆ ಉಪಕರಣ ತೋರಿಸುವ ಅಂಕಿ ಸರಿಯೇ ಎಂದು ಪರೀಕ್ಷಿಸಿ ನೋಡುವವರು ವಿರಳ. ತೂಕದ ಬಟ್ಟು ಸರಿಯಿಲ್ಲದಿದ್ದರೆ ತಕ್ಕಡಿಯನ್ನು ನಂಬುವಂತಿಲ್ಲ. ಟಾಂಗ್ ಟೆಸ್ಟರಿಗೂ ಇದೇ ಮಾತು ಅನ್ವಯಿಸುತ್ತದೆ. ಇದನ್ನು ಹಳ್ಳಿಯಲ್ಲಿಯೇ, ಹೆಚ್ಚಿನ ಖರ್ಚಿಲ್ಲದೆ ಪರೀಕ್ಷಿಸುವ ವಿಧಾನವನ್ನು ಇಲ್ಲಿ ವಿವರಿಸಲಾಗಿದೆ.

ಉಪಕರಣ ಕೆಲಸ ಮಾಡುವ ಬಗೆ

ವಿದ್ಯುತ್ ಹರಿಯುವ ತಂತಿಯ ಸುತ್ತ ಕಾಂತಶಕ್ತಿ ಉಂಟಾಗುತ್ತದೆ ಎಂಬುದನ್ನು 1820ರಲ್ಲಿ ಅರ್‍ಸ್ಟೆಡ್ ಎಂಬ ವಿಜ್ಞಾನಿ ತೋರಿಸಿದನು. ಬದಲಾಗುತ್ತಿರುವ ಕಾಂತಶಕ್ತಿಯು ಹತ್ತಿರದ ತಂತಿಯ ಸುರುಳಿಯಲ್ಲಿ ವಿದ್ಯುತ್ತನ್ನು ಹುಟ್ಟಿಸುತ್ತದೆ ಎಂಬುದನ್ನು 1831ರಲ್ಲಿ ಫ್ಯಾರಡೆ ಕಂಡುಹಿಡಿದನು. ಟಾಂಗ್ ಟೆಸ್ಟರಿನ ಕೆಲಸಕ್ಕೆ ಈ ಎರಡು ತತ್ವಗಳೇ ಆಧಾರ. ಅದರ ದವಡೆಯು ಕಬ್ಬಿಣದ ತೆಳು ತಗಡುಗಳಿಂದ ಮಾಡಿದ ಉಂಗುರ. ಒಳಗೆ ಹಾದುಹೋಗುವ ತಂತಿಯ ಪರ್ಯಾಯ ಪ್ರವಾಹವು ಈ ಉಂಗುರದಲ್ಲಿ ಕಾಂತಶಕ್ತಿಯನ್ನು ಹುಟ್ಟಿಸುತ್ತದೆ. ಉಂಗುರಕ್ಕೆ ಸುತ್ತಿದ ನವಿರಾದ ತಂತಿಯಲ್ಲಿ ಅದಕ್ಕೆ ತಕ್ಕಷ್ಟು ಸಣ್ಣ ಪ್ರವಾಹ ಹುಟ್ಟಿ, ಮೀಟರು ಅದನ್ನು ಅಳೆದು ತೋರಿಸುತ್ತದೆ.

ಇದರಿಂದ ಮೂರು ಸಂಗತಿಗಳು ತಿಳಿದುಬರುತ್ತವೆ. ಮೊದಲನೆಯದಾಗಿ, ದವಡೆಯೊಳಗೆ ಒಂದೇ ತಂತಿ ಇರಬೇಕು. ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ, ಅಥವಾ ಮೂರು ಫೇಸ್ ತಂತಿಗಳನ್ನೂ ಒಟ್ಟಿಗೆ ಸುತ್ತುವರಿದರೆ ಒಂದರ ಕಾಂತಶಕ್ತಿ ಮತ್ತೊಂದನ್ನು ಅಳಿಸಿಹಾಕಿ ಮೀಟರು ಸೊನ್ನೆ ತೋರಿಸುತ್ತದೆ. ಎರಡನೆಯದಾಗಿ, ಒಂದೇ ತಂತಿಯನ್ನು ದವಡೆಯೊಳಗೆ ಹತ್ತು ಸಲ ಹಾಯಿಸಿದರೆ ಮೀಟರು ಹತ್ತರಷ್ಟು ಪ್ರವಾಹವನ್ನು ತೋರಿಸುತ್ತದೆ. ಪರೀಕ್ಷೆಗೆ ಈ ಗುಣ ಬಹಳ ಉಪಯುಕ್ತ. ಮೂರನೆಯದಾಗಿ, ದವಡೆಯ ಎರಡು ತುಟಿಗಳು ಪೂರ್ತಿ ಕೂಡಿಕೊಳ್ಳಬೇಕು. ನಡುವೆ ಧೂಳು, ತುಕ್ಕು ಅಥವಾ ಗ್ರೀಸು ಸೇರಿ ಕೂದಲೆಳೆಯಷ್ಟು ಸಂದು ಉಳಿದರೂ ಕಾಂತಶಕ್ತಿ ಕುಂದಿ ಅಳತೆ ಕಡಿಮೆಯಾಗುತ್ತದೆ.

ತಪ್ಪು ಅಳತೆಯಿಂದ ಆಗುವ ಹಾನಿ

ಮೋಟಾರಿನ ವೈಂಡಿಂಗಿನಲ್ಲಿ ಹುಟ್ಟುವ ಶಾಖವು ಪ್ರವಾಹದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಪ್ರವಾಹ ಶೇಕಡ 10ರಷ್ಟು ಹೆಚ್ಚಾದರೆ ಶಾಖ ಶೇಕಡ 21ರಷ್ಟು ಹೆಚ್ಚುತ್ತದೆ. ಆದ್ದರಿಂದ ಅಳತೆಯಲ್ಲಿನ ಸಣ್ಣ ತಪ್ಪು ಮೋಟಾರಿನ ಪಾಲಿಗೆ ಸಣ್ಣದಲ್ಲ.

ಟೆಸ್ಟರು ನಿಜಕ್ಕಿಂತ ಕಡಿಮೆ ತೋರಿಸಿದರೆ, ಹೆಚ್ಚು ಹೊರೆ ಹೊತ್ತು ಬಿಸಿಯಾಗುತ್ತಿರುವ ಮೋಟಾರು ಸುಸ್ಥಿತಿಯಲ್ಲಿದೆ ಎಂದು ರೈತನು ತಿಳಿಯುತ್ತಾನೆ. ಆ ಅಂಕಿಯನ್ನು ನೋಡಿ ಸ್ಟಾರ್ಟರಿನ ಓವರ್‌ಲೋಡ್ ರಿಲೇಯನ್ನು ಹೊಂದಿಸಿದರೆ ಅದು ಪದೇ ಪದೇ ಟ್ರಿಪ್ ಆಗುತ್ತದೆ. ಬೇಸತ್ತು ರಿಲೇಯನ್ನು ತಪ್ಪಿಸಿ ನೇರವಾಗಿ ತಂತಿ ಕೂಡಿಸಿಬಿಡುವುದು ಉಂಟು. ಅಲ್ಲಿಗೆ ಮೋಟಾರಿಗಿದ್ದ ಒಂದೇ ಕಾವಲೂ ಹೋದಂತಾಯಿತು. ಟೆಸ್ಟರು ನಿಜಕ್ಕಿಂತ ಹೆಚ್ಚು ತೋರಿಸಿದರೆ ರಿಲೇಯನ್ನು ಎತ್ತರದಲ್ಲಿ ಹೊಂದಿಸಿದಂತಾಗಿ, ವೋಲ್ಟೇಜ್ ಕುಸಿದಾಗ ಅಥವಾ ಒಂದು ಫೇಸ್ ಹೋದಾಗ ಅದು ಸಕಾಲದಲ್ಲಿ ಕೆಲಸ ಮಾಡುವುದಿಲ್ಲ.

ನಿಖರತೆಯ ಅಂಕಿಯನ್ನು ಓದುವ ಕ್ರಮ

ಉಪಕರಣದ ಜೊತೆ ಬರುವ ಕೈಪಿಡಿಯಲ್ಲಿ ನಿಖರತೆಯನ್ನು ಸಾಮಾನ್ಯವಾಗಿ ‘ಓದಿನ ಶೇಕಡ 2 ಮತ್ತು 5 ಅಂಕಿ’ ಎಂಬ ರೀತಿಯಲ್ಲಿ ಕೊಟ್ಟಿರುತ್ತಾರೆ. ‘5 ಅಂಕಿ’ ಎಂದರೆ ಪರದೆಯ ಕೊನೆಯ ಸ್ಥಾನದಲ್ಲಿ 5ರಷ್ಟು ಹೆಚ್ಚು ಕಡಿಮೆ. ಮೀಟರು ಒಂದು ದಶಾಂಶ ಸ್ಥಾನದವರೆಗೆ ತೋರಿಸುವುದಾದರೆ ಇದು 0.5 ಆಂಪಿಯರ್. ಇಂತಹ ಮೀಟರಿನಲ್ಲಿ ಪ್ರವಾಹಕ್ಕೆ ತಕ್ಕಂತೆ ಇರಬಹುದಾದ ತಪ್ಪು ಹೀಗಿರುತ್ತದೆ:

4 ಆಂಪಿಯರ್ ಅಳೆಯುವಾಗ: 0.08 + 0.5 = 0.58 ಆಂಪಿಯರ್, ಅಂದರೆ ಶೇಕಡ 14.5
7.5 ಆಂಪಿಯರ್ ಅಳೆಯುವಾಗ: 0.15 + 0.5 = 0.65 ಆಂಪಿಯರ್, ಅಂದರೆ ಸುಮಾರು ಶೇಕಡ 9
40 ಆಂಪಿಯರ್ ಅಳೆಯುವಾಗ: 0.8 + 0.5 = 1.3 ಆಂಪಿಯರ್, ಅಂದರೆ ಸುಮಾರು ಶೇಕಡ 3

ಹೀಗೆ ಯಾವ ದೋಷವೂ ಇಲ್ಲದ ಹೊಸ ಮೀಟರು ಸಹ ಸಣ್ಣ ಪ್ರವಾಹವನ್ನು ಅಳೆಯುವಾಗ ಸಾಕಷ್ಟು ತಪ್ಪು ತೋರಿಸಬಹುದು. ಮುಳ್ಳಿನ ಮೀಟರಿನಲ್ಲಿ ನಿಖರತೆಯನ್ನು ಪೂರ್ಣ ಮಾಪನದ ಶೇಕಡವಾರಿನಲ್ಲಿ ಹೇಳಿರುತ್ತಾರೆ. 100 ಆಂಪಿಯರ್ ಮಾಪನದ ಶೇಕಡ 3 ಎಂದರೆ 3 ಆಂಪಿಯರ್. ಆ ಮಾಪನದಲ್ಲಿ 7.5 ಆಂಪಿಯರ್ ಅಳೆಯುವುದು ವ್ಯರ್ಥ. ಮುಳ್ಳು ಮಾಪನದ ಮೇಲಿನ ಅರ್ಧ ಭಾಗದಲ್ಲಿ ನಿಲ್ಲುವಂತಹ ಮಾಪನವನ್ನೇ ಆರಿಸಿಕೊಳ್ಳಬೇಕು.

ಪರೀಕ್ಷೆಗೆ ಬೇಕಾಗುವ ಸಾಮಗ್ರಿ

1. 1000 ವಾಟ್‌ನ ನೀರು ಕಾಯಿಸುವ ಹೀಟರ್ ಕಾಯಿಲ್ ಅಥವಾ ಸುರುಳಿ ತಂತಿಯ ವಿದ್ಯುತ್ ಒಲೆ. ಇಸ್ತ್ರಿಪೆಟ್ಟಿಗೆ ತಾನಾಗಿ ಆರಿ ಹೊತ್ತಿಕೊಳ್ಳುವುದರಿಂದ ಅದು ಬೇಡ. ಫ್ಯಾನು, ಮಿಕ್ಸಿ, ಇಂಡಕ್ಷನ್ ಒಲೆ, ಎಲ್‌ಇಡಿ ದೀಪಗಳಲ್ಲಿ ವಾಟನ್ನು ವೋಲ್ಟಿನಿಂದ ಭಾಗಿಸಿದರೆ ಸರಿಯಾದ ಆಂಪಿಯರ್ ಸಿಗುವುದಿಲ್ಲವಾದ್ದರಿಂದ ಅವೂ ಬೇಡ.
2. ಮನೆಯ ವಿದ್ಯುತ್ ಮೀಟರು. ಮನೆಗಳಿಗೆ ಅಳವಡಿಸುವ ಎಲೆಕ್ಟ್ರಾನಿಕ್ ಮೀಟರುಗಳು ಸಾಮಾನ್ಯವಾಗಿ ಶೇಕಡ 1ರ ನಿಖರತೆಯ ವರ್ಗಕ್ಕೆ ಸೇರಿರುತ್ತವೆ.
3. ವೋಲ್ಟೇಜ್ ಅಳೆಯಲು ಒಂದು ಮಲ್ಟಿಮೀಟರು.
4. ಸೆಕೆಂಡು ಎಣಿಸಲು ಮೊಬೈಲ್ ಫೋನಿನ ಸ್ಟಾಪ್‌ವಾಚ್.
5. ಪರೀಕ್ಷಾ ತಂತಿ. ಇದನ್ನು ಪರವಾನಗಿ ಪಡೆದ ವೈರ್‌ಮನ್‌ನಿಂದ ಮಾಡಿಸಿಕೊಳ್ಳಬೇಕು. ಒಂದು ತುದಿಗೆ ಮೂರು ಪಿನ್ನಿನ ಪ್ಲಗ್, ಇನ್ನೊಂದು ತುದಿಗೆ ಸಾಕೆಟ್, ನಡುವೆ ಫೇಸ್, ನ್ಯೂಟ್ರಲ್ ಮತ್ತು ಅರ್ತ್‌ಗೆ 2.5 ಚದರ ಮಿ.ಮೀ. ದಪ್ಪದ, ಹೊದಿಕೆ ಕೆಡದ ಬಿಡಿ ತಂತಿಗಳು ಇರಬೇಕು. ಫೇಸ್ ತಂತಿ ಸುಮಾರು 5 ಮೀಟರ್ ಹೆಚ್ಚಿಗೆ ಉದ್ದವಿರಲಿ.

ಪರೀಕ್ಷೆಯ ಕ್ರಮ

ಶುಚಿ ಮಾಡುವುದು: ದವಡೆಯ ತುಟಿಗಳನ್ನು ಒಣಗಿದ ಮೆತ್ತನೆಯ ಬಟ್ಟೆಯಿಂದ ಒರೆಸಬೇಕು. ಉಪ್ಪು ಕಾಗದದಿಂದ ಉಜ್ಜಬಾರದು. ಬ್ಯಾಟರಿ ಕ್ಷೀಣಿಸಿದ ಗುರುತು ಪರದೆಯಲ್ಲಿ ಕಂಡರೆ ಮೊದಲು ಬ್ಯಾಟರಿ ಬದಲಿಸಬೇಕು.

ಸೊನ್ನೆ ಪರೀಕ್ಷೆ: ಮೋಟಾರು ಮತ್ತು ಟ್ರಾನ್ಸ್‌ಫಾರ್ಮರುಗಳಿಂದ ದೂರದಲ್ಲಿ, ದವಡೆಯಲ್ಲಿ ಯಾವ ತಂತಿಯೂ ಇಲ್ಲದಿರುವಾಗ ಮೀಟರು ಸೊನ್ನೆ ತೋರಿಸಬೇಕು. ಅನಂತರ ಹೀಟರನ್ನು ಉರಿಸಿ, ಫೇಸ್ ಮತ್ತು ನ್ಯೂಟ್ರಲ್ ತಂತಿಗಳನ್ನು ಒಂದೊಂದೇ ಸಲ ಒಟ್ಟಿಗೆ ದವಡೆಯಲ್ಲಿ ಹಾಯಿಸಿ ನೋಡಬೇಕು. ಆಗಲೂ ಸೊನ್ನೆ ಅಥವಾ ಸೊನ್ನೆಗೆ ತೀರ ಹತ್ತಿರದ ಅಂಕಿ ಬರಬೇಕು.

ಸ್ಥಾನ ಪರೀಕ್ಷೆ: ಫೇಸ್ ತಂತಿಯನ್ನು ಮಾತ್ರ ದವಡೆಯ ನಡುವೆ ಇಟ್ಟು ಓದನ್ನು ಬರೆದುಕೊಳ್ಳಬೇಕು. ತಂತಿಯನ್ನು ದವಡೆಯ ತುದಿಗೆ ಸರಿಸಿ ಮತ್ತೊಮ್ಮೆ, ಮೀಟರನ್ನು ಹಿಂದು ಮುಂದು ತಿರುಗಿಸಿ ಇನ್ನೊಮ್ಮೆ ಬರೆದುಕೊಳ್ಳಬೇಕು. ದವಡೆಯನ್ನು ಐದು ಸಲ ತೆರೆದು ಮುಚ್ಚಿ ಐದು ಓದುಗಳನ್ನು ತೆಗೆದುಕೊಳ್ಳಬೇಕು. ಓದುಗಳು ಒಂದಕ್ಕೊಂದು ಹೊಂದದೆ ಚೆಲ್ಲಾಪಿಲ್ಲಿಯಾಗಿದ್ದರೆ ದವಡೆ ಸರಿಯಾಗಿ ಕೂಡುತ್ತಿಲ್ಲವೆಂದು ತಿಳಿಯಬೇಕು. ಅಂತಹ ಮೀಟರನ್ನು ಮುಂದಿನ ಪರೀಕ್ಷೆಗೆ ಒಳಪಡಿಸಿ ಪ್ರಯೋಜನವಿಲ್ಲ.

ಹತ್ತು ಸುತ್ತಿನ ಪರೀಕ್ಷೆ: ಪ್ಲಗ್ ತೆಗೆದು, ಫೇಸ್ ತಂತಿಯನ್ನು ದವಡೆಯೊಳಗಿನಿಂದ ಒಂದೇ ದಿಕ್ಕಿನಲ್ಲಿ ಹತ್ತು ಸಲ ಹಾಯಿಸಬೇಕು. ಹೊರಗಿನ ಸುತ್ತುಗಳನ್ನು ಲೆಕ್ಕ ಮಾಡದೆ, ದವಡೆಯೊಳಗೆ ತಂತಿ ಎಷ್ಟು ಸಲ ಹಾದಿದೆ ಎಂಬುದನ್ನೇ ಎಣಿಸಬೇಕು. ದವಡೆ ಪೂರ್ತಿ ಮುಚ್ಚಿರುವುದನ್ನು ನೋಡಿಕೊಂಡು ವಿದ್ಯುತ್ ಕೊಟ್ಟು ಓದನ್ನು ಬರೆದುಕೊಳ್ಳಬೇಕು. ಇದು 1000 ವಾಟ್ ಹೀಟರಿಗೆ 40 ಆಂಪಿಯರಿನ ಆಸುಪಾಸಿನಲ್ಲಿರುತ್ತದೆ.

ನಿಜವಾದ ಪ್ರವಾಹವನ್ನು ತಿಳಿಯುವುದು

ಹೀಟರಿನ ಮೇಲೆ 1000 ವಾಟ್ ಎಂದು ಬರೆದಿದ್ದರೂ ಅದು 230 ವೋಲ್ಟ್ ಇರುವಾಗಿನ ಲೆಕ್ಕ. ವೋಲ್ಟೇಜ್ 200ಕ್ಕೆ ಇಳಿದರೆ ಅದೇ ಹೀಟರು ಸುಮಾರು 756 ವಾಟ್ ಮಾತ್ರ ತೆಗೆದುಕೊಳ್ಳುತ್ತದೆ. ತಯಾರಿಕೆಯಲ್ಲಿಯೂ ಹೆಚ್ಚು ಕಡಿಮೆ ಇರುತ್ತದೆ. ಆದ್ದರಿಂದ ಬರೆದಿರುವ ವಾಟನ್ನು ನಂಬದೆ, ಮನೆಯ ಮೀಟರಿನಿಂದಲೇ ವಾಟನ್ನು ಅಳೆಯಬೇಕು.

ಮೊದಲು ಮನೆಯ ಉಳಿದೆಲ್ಲ ದೀಪ, ಫ್ಯಾನು, ಫ್ರಿಜ್, ಚಾರ್ಜರುಗಳನ್ನು ನಿಲ್ಲಿಸಬೇಕು. ಮೀಟರಿನಲ್ಲಿ ಮಿಣುಕುವ ಕೆಂಪು ದೀಪ ಆಗ ಮಿಣುಕದೆ ಇರಬೇಕು. ಮೀಟರಿನ ಮುಖದ ಮೇಲೆ ಒಂದು ಯೂನಿಟ್ಟಿಗೆ ಎಷ್ಟು ಮಿಣುಕು ಎಂಬ ಸಂಖ್ಯೆ ಅಚ್ಚಾಗಿರುತ್ತದೆ. ಇದು 1600, 3200 ಹೀಗೆ ಬೇರೆ ಬೇರೆಯಾಗಿರಬಹುದು. ಮೀಟರಿಗೆ ಹತ್ತಿರದ ಸಾಕೆಟ್ಟಿನಲ್ಲಿ ಹೀಟರನ್ನು ಉರಿಸಿ, ಐದು ನಿಮಿಷ ಬಿಟ್ಟು ಎಣಿಕೆ ಆರಂಭಿಸಬೇಕು. ಸ್ಟಾಪ್‌ವಾಚ್ ಒತ್ತಿದಾಗಿನ ಮಿಣುಕನ್ನು ಸೊನ್ನೆ ಎಂದು ಎಣಿಸಬೇಕೇ ಹೊರತು ಒಂದು ಎಂದಲ್ಲ. ಆರಂಭದಲ್ಲಿ, ನಡುವೆ ಮತ್ತು ಕೊನೆಯಲ್ಲಿ ವೋಲ್ಟೇಜನ್ನೂ ಟೆಸ್ಟರಿನ ಓದನ್ನೂ ಬರೆದುಕೊಂಡು ಸರಾಸರಿ ತೆಗೆಯಬೇಕು. ನಡುವೆ ವೋಲ್ಟೇಜ್ 4 ವೋಲ್ಟಿಗಿಂತ ಹೆಚ್ಚು ಏರಿಳಿದರೆ ಆ ಎಣಿಕೆಯನ್ನು ಬಿಟ್ಟು ಮತ್ತೆ ಮಾಡಬೇಕು.

ಲೆಕ್ಕದ ಸೂತ್ರ ಹೀಗಿದೆ:

ವಾಟ್ = (36,00,000 × ಮಿಣುಕುಗಳ ಸಂಖ್ಯೆ) ÷ (ಯೂನಿಟ್ಟಿಗೆ ಮಿಣುಕು × ಸೆಕೆಂಡು)
ಆಂಪಿಯರ್ = ವಾಟ್ ÷ ವೋಲ್ಟ್

ಉದಾಹರಣೆಗೆ, ಯೂನಿಟ್ಟಿಗೆ 3200 ಮಿಣುಕಿನ ಮೀಟರಿನಲ್ಲಿ 128 ಮಿಣುಕುಗಳಿಗೆ 160 ಸೆಕೆಂಡು ಹಿಡಿಯಿತು, ಸರಾಸರಿ ವೋಲ್ಟೇಜ್ 220 ಇತ್ತು ಎಂದು ಭಾವಿಸೋಣ. ಆಗ ಹೀಟರು ತೆಗೆದುಕೊಂಡದ್ದು 900 ವಾಟ್. ಪ್ರವಾಹ 900 ÷ 220, ಅಂದರೆ 4.09 ಆಂಪಿಯರ್. ಹತ್ತು ಸುತ್ತು ಹಾಕಿದ ಟಾಂಗ್ ಟೆಸ್ಟರು 40.9 ತೋರಿಸಬೇಕು.

ಫಲಿತಾಂಶವನ್ನು ತೂಗಿ ನೋಡುವುದು

ಈ ಪರೀಕ್ಷೆಯೂ ಪೂರ್ತಿ ನಿರ್ದುಷ್ಟವಲ್ಲ. ಮನೆಯ ಮೀಟರಿನಲ್ಲಿ ಶೇಕಡ 1, ಮಲ್ಟಿಮೀಟರಿನಲ್ಲಿ ಶೇಕಡ 1ರಿಂದ 1.5, ಎಣಿಕೆಯಲ್ಲಿ ಸುಮಾರು ಶೇಕಡ ಅರ್ಧ ಸೇರಿ ಒಟ್ಟು ಶೇಕಡ 3ರವರೆಗೆ ವ್ಯತ್ಯಾಸ ಇರಬಹುದು. 40.9 ಆಂಪಿಯರಿನಲ್ಲಿ ಇದು 1.2 ಆಂಪಿಯರ್. ಟೆಸ್ಟರಿಗೆ ಅದರ ಕೈಪಿಡಿಯೇ ಅನುಮತಿಸಿದ ತಪ್ಪು 1.3 ಆಂಪಿಯರ್. ಎರಡೂ ಸೇರಿ 2.5. ಆದ್ದರಿಂದ ಓದು 38.4ರಿಂದ 43.4ರೊಳಗೆ ಇದ್ದರೆ ಟೆಸ್ಟರು ಕೆಟ್ಟಿದೆ ಎಂದು ಹೇಳಲು ಆಧಾರವಿಲ್ಲ. ಅದನ್ನು ನಿಶ್ಚಿಂತೆಯಿಂದ ಬಳಸಬಹುದು.

ಓದು 37.6 ಬಂದಿತೆನ್ನಿ. ಇದು ಮಿತಿಯಿಂದ ಹೊರಗಿದೆ. ಪರೀಕ್ಷೆಯನ್ನು ಬೇರೆ ದಿನ ಇನ್ನೆರಡು ಸಲ ಮಾಡಿದಾಗಲೂ ಇದೇ ಅನುಪಾತ ಬಂದರೆ ಟೆಸ್ಟರು ಕಡಿಮೆ ತೋರಿಸುತ್ತಿದೆ ಎಂದು ನಿರ್ಧರಿಸಬಹುದು. 40.9ನ್ನು 37.6ರಿಂದ ಭಾಗಿಸಿದರೆ ಸುಮಾರು 1.09 ಬರುತ್ತದೆ. ಇದೇ ತಿದ್ದುಪಡಿಯ ಸಂಖ್ಯೆ. ಇದನ್ನು ದಿನಾಂಕ ಸಹಿತ ಒಂದು ಚೀಟಿಯಲ್ಲಿ ಬರೆದು ಟೆಸ್ಟರಿನ ಬೆನ್ನಿಗೆ ಅಂಟಿಸಬೇಕು. ಇನ್ನು ಮುಂದೆ ಅದು ತೋರಿಸಿದ ಅಂಕಿಯನ್ನು ಈ ಸಂಖ್ಯೆಯಿಂದ ಗುಣಿಸಬೇಕು. ಯಾವ ಮಾಪನದಲ್ಲಿ ಪರೀಕ್ಷೆ ನಡೆಯಿತೋ ಆ ಮಾಪನಕ್ಕೆ ಮಾತ್ರ ಈ ತಿದ್ದುಪಡಿ ಅನ್ವಯಿಸುತ್ತದೆ. ಓದು ಪ್ರತಿಸಲ ಬೇರೆ ಬೇರೆಯಾಗಿ ಬಂದರೆ ತಿದ್ದುಪಡಿಯಿಂದಲೂ ಪ್ರಯೋಜನವಿಲ್ಲ. ಆ ಉಪಕರಣವನ್ನು ದುರಸ್ತಿಗೆ ಕೊಡಬೇಕು ಅಥವಾ ಬಿಡಬೇಕು. ಹಲವು ರೈತರಿಗೆ ಸೇವೆ ನೀಡುವ ಮೆಕ್ಯಾನಿಕ್‌ಗಳು ಎನ್‌ಎಬಿಎಲ್ ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ಉಪಕರಣವನ್ನು ಪರೀಕ್ಷೆ ಮಾಡಿಸಿಟ್ಟುಕೊಳ್ಳುವುದು ಲೇಸು.

ಪಂಪ್‌ಸೆಟ್ಟಿನಲ್ಲಿ ಅಳೆಯುವಾಗ

ನೇಮ್‌ಪ್ಲೇಟಿನ ಮೇಲೆ 7.5 ಆಂಪಿಯರ್ ಎಂದಿರುವ 5 ಅಶ್ವಶಕ್ತಿಯ ಮೋಟಾರನ್ನು ತೆಗೆದುಕೊಳ್ಳೋಣ. ಒಂದೇ ಸುತ್ತಿನಲ್ಲಿ ಅಳೆದರೆ ಶೇಕಡ 9ರವರೆಗೆ ತಪ್ಪು ಬರಬಹುದೆಂದು ಮೇಲೆ ನೋಡಿದ್ದಾಯಿತು. ಮೈನ್ ಸ್ವಿಚ್ ಆರಿಸಿ, ಸ್ಟಾರ್ಟರಿಗೆ ಬರುವ ತಂತಿಗಳಿಗೆ ವೈರ್‌ಮನ್‌ನಿಂದ ಸ್ವಲ್ಪ ಹೆಚ್ಚು ಉದ್ದ ಬಿಡಿಸಿಕೊಂಡು, ಮೂರು ಸುತ್ತು ಹಾಕಿ ಅಳೆದರೆ ಈ ತಪ್ಪು ಶೇಕಡ 4ರ ಸಮೀಪಕ್ಕೆ ಇಳಿಯುತ್ತದೆ. ಮೂರು ಸುತ್ತಿಗೆ 21.6 ಬಂದರೆ ಒಂದು ಸುತ್ತಿಗೆ 7.2 ಆಂಪಿಯರ್. ಈ ಅಂಕಿಯನ್ನು ನೋಡಿದವರು ಮೋಟಾರಿಗೆ ಭಯವಿಲ್ಲ ಎನ್ನುತ್ತಾರೆ. ಆದರೆ ಟೆಸ್ಟರಿನ ಬೆನ್ನಿನ ಚೀಟಿಯಂತೆ 1.09ರಿಂದ ಗುಣಿಸಿದರೆ ನಿಜವಾದ ಪ್ರವಾಹ ಸುಮಾರು 7.85 ಆಂಪಿಯರ್. ಅಂದರೆ ಮೋಟಾರು ತನ್ನ ಮಿತಿಯನ್ನು ದಾಟಿದೆ, ವೈಂಡಿಂಗಿನಲ್ಲಿ ಶಾಖ ಸುಮಾರು ಶೇಕಡ 10ರಷ್ಟು ಹೆಚ್ಚಾಗಿದೆ. ರಿಲೇಯನ್ನು ಮೇಲೇರಿಸದೆ, ವೋಲ್ಟೇಜ್ ಕಡಿಮೆಯಿದೆಯೇ, ಬೇರಿಂಗ್ ಸವೆದಿದೆಯೇ, ಪಂಪಿನಲ್ಲಿ ಮರಳು ಸೇರಿದೆಯೇ ಎಂದು ಕಾರಣ ಹುಡುಕಬೇಕು.

ಸಬ್‌ಮರ್ಸಿಬಲ್ ಮೋಟಾರುಗಳು ಅದೇ ಅಶ್ವಶಕ್ತಿಯ ಮಾನೋಬ್ಲಾಕ್ ಮೋಟಾರಿಗಿಂತ ಸಾಮಾನ್ಯವಾಗಿ ಹೆಚ್ಚು ಪ್ರವಾಹ ಎಳೆಯುತ್ತವೆ. ಆದ್ದರಿಂದ ಬೇರೊಬ್ಬರ ಮೋಟಾರಿನ ಅಂಕಿಯನ್ನು ಅನುಸರಿಸಬಾರದು. ಬಾವಿಗೆ ಇಳಿಸಿದ ಮೇಲೆ ನೇಮ್‌ಪ್ಲೇಟ್ ಕಾಣದು. ಇಳಿಸುವ ಮೊದಲೇ ಅದರ ಮೇಲಿನ ವೋಲ್ಟ್ ಮತ್ತು ಆಂಪಿಯರುಗಳನ್ನು ಪಂಪ್‌ಹೌಸಿನ ಗೋಡೆಯ ಮೇಲೆ ಬರೆದಿಡಬೇಕು.

ಸ್ಟಾರ್-ಡೆಲ್ಟಾ ಸ್ಟಾರ್ಟರ್ ಇರುವಲ್ಲಿ ಮತ್ತೊಂದು ಎಚ್ಚರ ಅಗತ್ಯ. ಸ್ಟಾರ್ಟರಿನಿಂದ ಮೋಟಾರಿಗೆ ಹೋಗುವ ಆರು ತಂತಿಗಳಲ್ಲಿ ಒಂದನ್ನು ಅಳೆದರೆ ಲೈನಿನ ಪ್ರವಾಹದ ಶೇಕಡ 58ರಷ್ಟು ಮಾತ್ರ ಕಾಣಿಸುತ್ತದೆ. ಲೈನಿನಲ್ಲಿ 15 ಆಂಪಿಯರ್ ಇದ್ದರೆ ಅಲ್ಲಿ 8.7 ಬರುತ್ತದೆ. ಇದು ಟೆಸ್ಟರಿನ ತಪ್ಪಲ್ಲ, ಅಳೆದ ಜಾಗದ ಪರಿಣಾಮ. ನೇಮ್‌ಪ್ಲೇಟಿನೊಡನೆ ಹೋಲಿಸಬೇಕಾದರೆ ಸ್ಟಾರ್ಟರಿಗೆ ಒಳಬರುವ ಮೂರು ತಂತಿಗಳಲ್ಲಿ ಅಳೆಯಬೇಕು. ಇಂತಹ ಸ್ಟಾರ್ಟರಿನಲ್ಲಿ ಓವರ್‌ಲೋಡ್ ರಿಲೇ ಸಾಮಾನ್ಯವಾಗಿ ಮೋಟಾರಿನ ಕಡೆಯ ತಂತಿಗಳಲ್ಲಿಯೇ ಇರುವುದರಿಂದ ಅದನ್ನು ಲೈನ್ ಪ್ರವಾಹದ 0.58ರಷ್ಟಕ್ಕೆ ಹೊಂದಿಸಬೇಕಾಗುತ್ತದೆ.

ಮೂರು ಫೇಸ್‌ಗಳನ್ನೂ ಬೇರೆ ಬೇರೆಯಾಗಿ ಅಳೆಯುವುದನ್ನು ಮರೆಯಬಾರದು. ಒಂದು ಫೇಸ್ ಉಳಿದೆರಡಕ್ಕಿಂತ ಬಹಳ ಭಿನ್ನವಾಗಿದ್ದರೆ ಅದನ್ನೇ ಮತ್ತೆ ಎರಡು ಸಲ ಅಳೆದು ಖಚಿತಪಡಿಸಿಕೊಳ್ಳಬೇಕು.

ಸೌರ ಪಂಪು ಇರುವಲ್ಲಿ

2019ರಲ್ಲಿ ಪಿಎಂ-ಕುಸುಮ್ ಯೋಜನೆ ಆರಂಭವಾದ ಮೇಲೆ ಸೌರ ಪಂಪುಗಳೂ ಹೊಲಗಳಿಗೆ ಬಂದಿವೆ. ಫಲಕದಿಂದ ಬರುವುದು ನೇರ ಪ್ರವಾಹ. ಪರ್ಯಾಯ ಪ್ರವಾಹಕ್ಕೆಂದು ಮಾಡಿದ ಟಾಂಗ್ ಟೆಸ್ಟರು ಅಲ್ಲಿ ಸೊನ್ನೆ ತೋರಿಸುತ್ತದೆ. ಸೊನ್ನೆ ಬಂದಿತೆಂದು ತಂತಿ ಮುಟ್ಟಿದರೆ ಪ್ರಾಣಕ್ಕೇ ಅಪಾಯ. ನೇರ ಪ್ರವಾಹ ಅಳೆಯಲು ಹಾಲ್ ಸಂವೇದಕವಿರುವ ಬೇರೆ ಬಗೆಯ ಕ್ಲ್ಯಾಂಪ್ ಮೀಟರು ಬೇಕು. ನಿಯಂತ್ರಕದಿಂದ ಮೋಟಾರಿಗೆ ಹೋಗುವ ವಿದ್ಯುತ್ತು ಪರ್ಯಾಯ ಪ್ರವಾಹವಾಗಿದ್ದರೂ ಅದರ ಅಲೆ ಲೈನಿನ ವಿದ್ಯುತ್ತಿನಂತೆ ನಯವಾಗಿರುವುದಿಲ್ಲ. ಇದಕ್ಕೆ ‘ಟ್ರೂ ಆರ್‌ಎಂಎಸ್’ ಎಂದು ಬರೆದಿರುವ, ಇಂತಹ ನಿಯಂತ್ರಕಗಳಿಗೆ ಹೊಂದುವ ಮೀಟರನ್ನೇ ಬಳಸಬೇಕು. ಹೀಟರಿನ ಪರೀಕ್ಷೆಯಲ್ಲಿ ಗೆದ್ದ ಸಾಮಾನ್ಯ ಟೆಸ್ಟರು ಇಲ್ಲಿ ತಪ್ಪು ತೋರಿಸಬಹುದು.

ಗಮನದಲ್ಲಿಡಬೇಕಾದ ಅಂಶಗಳು

1. ಹೀಟರ್ ಉರಿಯುತ್ತಿರುವಾಗ ನೀರನ್ನಾಗಲಿ ಪಾತ್ರೆಯನ್ನಾಗಲಿ ಮುಟ್ಟಬಾರದು. ಪ್ಲಾಸ್ಟಿಕ್ ಬಕೆಟ್ಟನ್ನೇ ಬಳಸಿ, ಕಾಯಿಲ್ ಪೂರ್ತಿ ಮುಳುಗಿರುವಂತೆ ನೋಡಿಕೊಳ್ಳಬೇಕು.
2. ಕೈಕಾಲು ಒಣಗಿರಬೇಕು. ರಬ್ಬರ್ ಅಡಿಯ ಚಪ್ಪಲಿ ಇಲ್ಲವೇ ಒಣ ಮರದ ಹಲಗೆಯ ಮೇಲೆ ನಿಂತು ಕೆಲಸ ಮಾಡಬೇಕು.
3. ಹೊದಿಕೆ ಇಲ್ಲದ ತಂತಿಗೆ ಟೆಸ್ಟರ್ ಹಾಕಬಾರದು. ಸುತ್ತು ಹಾಕುವುದು, ಬಿಚ್ಚುವುದು ಏನಿದ್ದರೂ ವಿದ್ಯುತ್ ನಿಲ್ಲಿಸಿದ ಮೇಲೆಯೇ.
4. ಮನೆಯ ಮೀಟರಿನ ಮುಚ್ಚಳ, ಸೀಲುಗಳನ್ನು ಮುಟ್ಟಬಾರದು. ಹೊರಗಿನಿಂದ ಮಿಣುಕು ಎಣಿಸಿದರೆ ಸಾಕು.
5. ಸ್ಟಾರ್ಟರ್ ಬಿಚ್ಚುವ ಕೆಲಸವನ್ನು ಪರವಾನಗಿ ಪಡೆದ ವೈರ್‌ಮನ್‌ಗೆ ಬಿಡಬೇಕು.
6. ಟೆಸ್ಟರ್ ಕೆಳಗೆ ಬಿದ್ದಾಗಲೆಲ್ಲ, ಇಲ್ಲವಾದರೆ ವರ್ಷಕ್ಕೊಮ್ಮೆ, ಬೇಸಿಗೆ ಬೆಳೆ ಇಡುವ ಮೊದಲು ಈ ಪರೀಕ್ಷೆಯನ್ನು ಮಾಡಬೇಕು.

ಒಂದು ಊರಿಗೆ ಒಂದು ಪರೀಕ್ಷಾ ತಂತಿ ಇದ್ದರೆ ಎಲ್ಲರ ಟೆಸ್ಟರುಗಳನ್ನೂ ಅರ್ಧ ದಿನದಲ್ಲಿ ನೋಡಿ ಮುಗಿಸಬಹುದು. ವಿಸ್ತರಣಾ ಕಾರ್ಯಕರ್ತರು ಹಾಲಿನ ಸಂಘ ಅಥವಾ ಸಹಕಾರ ಸಂಘದ ಕಟ್ಟಡದಲ್ಲಿ ಇಂತಹ ಪರೀಕ್ಷೆಯನ್ನು ಏರ್ಪಡಿಸಿ, ಊರಿನ ಮೆಕ್ಯಾನಿಕ್‌ನನ್ನೂ ಕರೆಸಿಕೊಂಡರೆ ಹೆಚ್ಚು ಪ್ರಯೋಜನವಾದೀತು. ರೈತ ಬಾಂಧವರು ತಮ್ಮ ಮೋಟಾರಿನ ಮೂರು ಫೇಸ್‌ಗಳ ತಿದ್ದಿದ ಆಂಪಿಯರನ್ನೂ ಆ ಹೊತ್ತಿನ ವೋಲ್ಟೇಜನ್ನೂ ತಿಂಗಳಿಗೊಮ್ಮೆ ಪುಸ್ತಕದಲ್ಲಿ ಬರೆದಿಡುತ್ತ ಬಂದರೆ, ಮೋಟಾರು ಕೆಡುವ ಮುನ್ಸೂಚನೆ ಮೊದಲೇ ದೊರೆತು, ಬೆಳೆಗೆ ನೀರು ತಪ್ಪುವ ಸಂದರ್ಭಗಳು ಕಡಿಮೆಯಾಗುತ್ತವೆ.